10ಜಿ ಅಂತ ಬಿಲ್ ಕೊಟ್ಟು 1ಜಿ ಹಾಕಿ ಹೋದರು, ಹಣ ಕೊಡುವ ಮೊದಲು ಇದನ್ನು ಓದಿ

ಬರೆಯಲೋ ಬೇಡವೋ ಅಂತ ಎರಡು ವಾರ ಸುಮ್ನೆ ಕೂತಿದ್ದೆ. ಹೇಳಿಕೊಳ್ಳಲು ನಾಚಿಕೆ. ಆದರೆ ನನ್ನ ಸ್ಟುಡಿಯೋದ ಕಂಪ್ಯೂಟರುಗಳಿಗೆ ನೆಟ್‌ವರ್ಕ್ ಲೈನ್ ಹಾಕಿದ ಅದೇ ಮನುಷ್ಯ ಈಗ ಮಣಿಪಾಲದ ಇನ್ನೊಂದು ಸ್ಟುಡಿಯೋಗೆ ಕೊಟೇಶನ್ ಕೊಟ್ಟಿದ್ದಾರೆ ಅಂತ ನಿನ್ನೆ ಗೊತ್ತಾಯಿತು. ಇನ್ನು ಸುಮ್ಮನಿರಲು ಆಗುವುದಿಲ್ಲ.

ಉಡುಪಿಯಲ್ಲಿ ನನ್ನದು ಚಿಕ್ಕ ವಿಡಿಯೋ ಸ್ಟುಡಿಯೋ. ಮದುವೆ, ದೈವದ ನೇಮ, ಯಕ್ಷಗಾನ. ಇಡೀ ರಾತ್ರಿಯ ಆಟವನ್ನು ಮೂರು ಕ್ಯಾಮೆರಾದಲ್ಲಿ 4ಕೆ ತೆಗೆದರೆ ಬೆಳಗಾಗುವಾಗ ಹತ್ತಿರ ಹತ್ತಿರ 1 ಟಿಬಿ. ಅದನ್ನು ನಾಸ್‌ಗೆ (ಎಲ್ಲ ಕಂಪ್ಯೂಟರಿಗೂ ಸಿಗುವ ಹಾಗೆ ನೆಟ್‌ವರ್ಕಿಗೆ ಸೇರಿಸಿದ ಡಿಸ್ಕ್ ಪೆಟ್ಟಿಗೆ) ಹಾಕಲು ಗಿಗಾಬಿಟ್ ಲೈನಿನಲ್ಲಿ ಎರಡೂವರೆ ಗಂಟೆ ಬೇಕು. ಇಬ್ಬರು ಒಟ್ಟಿಗೆ ಎಡಿಟಿಂಗಿಗೆ ಕೂತರೆ ವಿಡಿಯೋ ನಿಂತು ನಿಂತು ಓಡುತ್ತದೆ. ಪತ್ತನಾಜೆ ಕಳೆದು, ಅಂದರೆ ಆಟದ ಸೀಸನ್ ಮುಗಿದು, ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಸ್ವಲ್ಪ ಬಿಡುವು ಸಿಕ್ಕಿತು. ಹತ್ತು ಪಟ್ಟು ವೇಗದ 10 ಗಿಗಾಬಿಟ್ (10ಜಿ) ಲೈನ್ ಹಾಕಿಸಿದೆ. ಮಂಗಳೂರಿನ ಒಬ್ಬ ಕಂಟ್ರಾಕ್ಟರ್. ಬಿಲ್ಲಿನಲ್ಲಿ 10ಜಿ ಸ್ವಿಚ್ (ಎಲ್ಲ ಕೇಬಲ್ ಬಂದು ಸೇರುವ ಪೆಟ್ಟಿಗೆ), ಕಂಪ್ಯೂಟರಿಗೆ ಎರಡು 10ಜಿ ಕಾರ್ಡ್, 10ಜಿ ಓಡುವ ದರ್ಜೆಯ ಕ್ಯಾಟ್ 6ಎ ಕೇಬಲ್. ಒಟ್ಟು 94,000 ರೂಪಾಯಿ. ಸಂಜೆ ಹಸಿರು ಲೈಟ್ ತೋರಿಸಿದರು, ಪೂರ್ತಿ ಕೊಟ್ಟುಬಿಟ್ಟೆ.

ರಾತ್ರಿ ಮೊದಲ ಫೈಲ್ ಎಳೆದೆ. ಸೆಕೆಂಡಿಗೆ 112 ಎಂಬಿ. ಇನ್ನೊಮ್ಮೆ ಎಳೆದೆ. 112. ಹಳೆಯ ಲೈನಿನಲ್ಲೂ ಅಷ್ಟೇ ಬರುತ್ತಿತ್ತಲ್ಲ!

ಫೋನ್ ಮಾಡಿದರೆ, "ಲೈಟ್ ಹಸಿರು ಬರ್ತಾ ಉಂಟಲ್ಲ ಸರ್? ಹಾಗಾದ್ರೆ ಲೈನ್ ಸರಿ ಉಂಟು. ನಿಮ್ಮ ಹಾರ್ಡ್ ಡಿಸ್ಕ್ ಸ್ಲೋ." ನಂಬಿದೆ. ಅವರ ಹತ್ತಿರವೇ 31,000 ಕೊಟ್ಟು ಹೆಚ್ಚು ವೇಗದ ಎರಡು ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿದೆ. ಆಮೇಲೂ 112. "ವಿಂಡೋಸ್ ಹಾಳಾಗಿದೆ, ಫಾರ್ಮ್ಯಾಟ್ ಮಾಡಿ." ಮಾಡಿದೆ, ಒಂದು ದಿನ ಕೆಲಸ ನಿಂತಿತು. 112. "ಆ್ಯಂಟಿವೈರಸ್ ತೆಗೀರಿ." ತೆಗೆದೆ. 112. ಕೊನೆಗೆ, "ಟೆನ್ ಜಿ ಅಂದ್ರೆ ಹತ್ತು ಪಟ್ಟು ಬರ್ತದೆ ಅಂತ ಅಲ್ಲ ಮಾರಾಯ್ರೇ."

ಸ್ನೇಹಿತರ ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಭಾನುವಾರ ಬಂದವಳು ಕಂಪ್ಯೂಟರಿನಲ್ಲೂ ನಾಸ್‌ನಲ್ಲೂ ಐಪರ್ಫ್3 ಹಾಕಿ ಓಡಿಸಿದಳು. ಪುಕ್ಕಟೆ ಸಿಗುವ ಸಾಫ್ಟ್‌ವೇರ್. ಇದು ಡಿಸ್ಕನ್ನು ಮುಟ್ಟುವುದೇ ಇಲ್ಲ, ಲೈನನ್ನು ಮಾತ್ರ ಅಳೆಯುತ್ತದೆ. 941 ಮೆಗಾಬಿಟ್ ಬಂತು. "ಅಂಕಲ್, ಇದು ಒಂದೇ ಗಿಗಾಬಿಟ್" ಅಂದಳು. ವಿಂಡೋಸ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ ತೆರೆದು ತೋರಿಸಿದಳು. ಅಲ್ಲೂ 1. ಅಷ್ಟು ದಿನವೂ ಅದು ಅಲ್ಲೇ ಬರೆದಿತ್ತು, ನಾನು ನೋಡಲಿಲ್ಲ.

ಲೈನನ್ನು ಬಿಟ್‌ನಲ್ಲಿ ಅಳೆಯುತ್ತಾರೆ, ಫೈಲನ್ನು ಬೈಟ್‌ನಲ್ಲಿ; 8 ಬಿಟ್ ಅಂದರೆ ಒಂದು ಬೈಟ್. ಒಂದು ಗಿಗಾಬಿಟ್ಟನ್ನು 8ರಿಂದ ಭಾಗಿಸಿದರೆ 125 ಎಂಬಿ. ಲೈನಿನ ಒಳಖರ್ಚು ಕಳೆದು ಕೈಗೆ ಸಿಗುವುದು 110ರಿಂದ 118. ನನ್ನ 112 ಅದೇ! ಒಂದೇ ಒಂದು ಒಳ್ಳೆಯ ಹಾರ್ಡ್ ಡಿಸ್ಕ್ ಕೂಡ ದೊಡ್ಡ ಫೈಲಿಗೆ 150ಕ್ಕಿಂತ ಜಾಸ್ತಿ ಕೊಡುತ್ತದೆ. ನನ್ನ ನಾಸ್‌ನಲ್ಲಿ ನಾಲ್ಕು ಇದ್ದವು.

ಆಮೇಲೆ ಸ್ವಿಚ್ ತಿರುಗಿಸಿ ನೋಡಿದೆವು. ಎಂಟು ಮಾಮೂಲಿ ಗಿಗಾಬಿಟ್ ಪೋರ್ಟ್, ಬದಿಯಲ್ಲಿ ಎರಡು 10ಜಿ. ನನಗೆ ಬೇಕಾದದ್ದು ಮೂರು. ಆ ಎರಡರಲ್ಲಿ ನಾಸ್‌ನದ್ದು ಒಂದಕ್ಕೆ ಹಾಕಿದ್ದಾರೆ, ಇನ್ನೊಂದು ಖಾಲಿ. ಎರಡೂ ಕಂಪ್ಯೂಟರ್ ಮಾಮೂಲಿ ಪೋರ್ಟಿನಲ್ಲಿ. ಕೈ ನಡುಗಿತು. ಹಾಗೇ ಫೋನ್ ಮಾಡಿದೆ.

"ಸ್ವಿಚ್ಚಲ್ಲಿ ಟೆನ್ ಜಿ ಉಂಟಲ್ಲ ಸರ್? ಎಲ್ಲಾ ಪೋರ್ಟೂ ಟೆನ್ ಜಿ ಬೇಕು ಅಂತ ನೀವು ಹೇಳ್ಲಿಲ್ಲ."

ನಾನು ಹೇಳಲಿಲ್ಲವಂತೆ!

ಮುಗಿಯಲಿಲ್ಲ. ಕೇಬಲ್ ಸಿಕ್ಕಿಸಲು ಬೇಕಾದ ಮಾಡ್ಯೂಲ್ ತಂದು ಆ ಖಾಲಿ 10ಜಿ ಪೋರ್ಟಿಗೆ ನನ್ನ ಕಂಪ್ಯೂಟರ್ ಹಾಕಿದರೆ ಲಿಂಕ್ ಬರುತ್ತದೆ, ಹೋಗುತ್ತದೆ. ಕೇಬಲಿನ ತುದಿ ಕತ್ತರಿಸಿ ತಂತಿಯನ್ನು ಬ್ಲೇಡಿನಿಂದ ಕೆರೆದೆವು. ಒಳಗೆ ಬಿಳಿ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ! ಹೊರಗೆ ಸಣ್ಣ ಅಕ್ಷರದಲ್ಲಿ ಸಿಸಿಎ (ಕಾಪರ್ ಕ್ಲ್ಯಾಡ್ ಅಲ್ಯೂಮಿನಿಯಂ) ಅಂತ ಅಚ್ಚು ಬೇರೆ. ಕ್ಯಾಟ್ 6ಎ ಅಂದರೆ ಒಳಗೂ ಶುದ್ಧ ತಾಮ್ರ ಇರಬೇಕು. ಅದಕ್ಕೆ ಅವರ ಉತ್ತರ: "ಇಲ್ಲೆಲ್ಲ ಎಲ್ಲರೂ ಅದನ್ನೇ ಹಾಕುವುದು." ನಮ್ಮ ಕಡೆಯ ಉಪ್ಪುಗಾಳಿಗೆ, ಈ ಮಳೆಗೆ ಅಲ್ಯೂಮಿನಿಯಂ ತಂತಿ ಎಷ್ಟು ದಿನ ಬಂದೀತು, ನೀವೇ ಹೇಳಿ.

ಒಳ್ಳೆಯ ಮೂರು ಮೀಟರ್ ಕೇಬಲ್ ತಂದು ಕಂಪ್ಯೂಟರನ್ನು ನೇರವಾಗಿ ನಾಸ್‌ಗೆ ಸಿಕ್ಕಿಸಿದೆವು. ಐಪರ್ಫ್‌ನಲ್ಲಿ 9.4 ಗಿಗಾಬಿಟ್. ಅದೇ ವಿಂಡೋಸ್. ಹಳೆಯ ನಾಲ್ಕು ಡಿಸ್ಕಿಗೇ ಫೈಲ್ ಎಳೆದೆ. 400 ಎಂಬಿ ದಾಟಿತು. ಎಸ್‌ಎಸ್‌ಡಿ ಬೇಕೇ ಇರಲಿಲ್ಲ. ಆ 31,000 ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ತಪ್ಪು ತಾವು ಹಾಕಿದ ಲೈನಿನದ್ದೇ ಅಂತ ಗೊತ್ತಿದ್ದೂ ಮಾರಿದರಲ್ಲ.

ದಯವಿಟ್ಟು ಹಸಿರು ಲೈಟ್ ನೋಡಿ ಹಣ ಕೊಡಬೇಡಿ. ಅರ್ಧ ಹಿಡಿದಿಟ್ಟುಕೊಳ್ಳಿ. ನಿಮ್ಮ ಎದುರೇ ಐಪರ್ಫ್ ಓಡಿಸಲಿ, 9 ಗಿಗಾಬಿಟ್ ದಾಟಿದ ಮೇಲೆ ಉಳಿದದ್ದು ಕೊಡಿ. ಎಷ್ಟು 10ಜಿ ಪೋರ್ಟ್ ಅಂತ ಬಿಲ್ಲಿನಲ್ಲೇ ಬರೆಸಿ. ಕೇಬಲ್ ಎಳೆಯುವ ಮೊದಲು ಒಂದು ತುಂಡು ಕೆರೆದು ನೋಡಿ, ಫಾಲ್ಸ್ ಸೀಲಿಂಗ್ ಒಳಗೆ ಹೋದ ಮೇಲೆ ಯಾರು ನೋಡುತ್ತಾರೆ?

ಹಣ ವಾಪಸ್ ಬಂದಿಲ್ಲ. ನನ್ನ ಮೆಸೇಜ್ ಓದಿದ್ದಾರೆ, ಉತ್ತರ ಇಲ್ಲ. ಬೇರೆಯವರಿಂದ ತಾಮ್ರದ ಕೇಬಲ್ ಎಳೆಸಿದ್ದೇನೆ, ಸ್ವಿಚ್ ಬದಲಾಯಿಸಿದ್ದೇನೆ. ಕತ್ತರಿಸಿದ ಆ ತುಂಡು ಮೇಜಿನ ಮೇಲೇ ಇಟ್ಟಿದ್ದೇನೆ. ಮಣಿಪಾಲದವರು ಅಡ್ವಾನ್ಸ್ ಕೊಡುವ ಮೊದಲು ಒಮ್ಮೆ ಬಂದು ನೋಡಿ ಹೋಗಲಿ.