ಜೋಡಿ ಔಷಧಿಗೆ ಡೋಸ್: 3+3, ಸಿಆರ್‌ಎಂ, ಬಾಯಿನ್ – ಯಾವುದು?
ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಯಲ್ಲಿ ಚಿಕೋರಿ ಎಷ್ಟು ಅಂತ ಕೇಳುತ್ತಾರಲ್ವಾ? ಪುಡಿ ಏರಿಸಿ ಚಿಕೋರಿ ಇಳಿಸಿದರೆ ಕಹಿ ಜಾಸ್ತಿಯೋ, ಉಲ್ಟಾ ಮಾಡಿದರೋ? ಕುಡಿದೇ ನೋಡಬೇಕು. ಎರಡು ಕ್ಯಾನ್ಸರ್ ಔಷಧಿಗಳನ್ನು ಮೊದಲ ಸಲ ಜೊತೆಗೆ ಕೊಡುವಾಗಲೂ ಇದೇ ತೊಡಕು. ಒಂದೇ ಔಷಧಿಯಾದರೆ ಡೋಸ್ ಏರಿದಂತೆ ಅಡ್ಡಪರಿಣಾಮವೂ ಏರುತ್ತದೆ ಎಂದು ಹಿಡಿಯಬಹುದು. ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಿದಾಗ ಆ ಏಣಿಯೇ ಇರುವುದಿಲ್ಲ.

ಸುರಕ್ಷಿತ ಡೋಸ್ ಹುಡುಕುವ ಈ ಮೂರು ವಿಧಾನಗಳಲ್ಲಿ 3+3 ಸುಲಭ, ರೋಗಿಗಳಿಗೆ ಮೂವರಂತೆ ಕೊಟ್ಟು ನೋಡುವುದು. ಮೂವರಲ್ಲಿ ಯಾರಿಗೂ ತೀವ್ರ ತೊಂದರೆ ಇಲ್ಲದಿದ್ದರೆ ಮೇಲಿನ ಡೋಸ್, ಒಬ್ಬರಿಗಾದರೆ ಅದೇ ಡೋಸ್‌ನಲ್ಲಿ ಇನ್ನೂ 3 ಜನ, ಇಬ್ಬರಿಗಾದರೆ ಅಲ್ಲಿಗೇ ನಿಲ್ಲಿಸಬೇಕು. ಆದರೆ ಹಿಂದಿನ ಡೋಸ್‌ಗಳ ಲೆಕ್ಕ ಇದಕ್ಕೆ ಬೇಡವೇ ಬೇಡ. ಜೋಡಿಗೆ ನಾನಂತೂ ಆರಿಸುವುದಿಲ್ಲ.

1990ರಲ್ಲಿ ಬಂದ ಸಿಆರ್‌ಎಂ (ಕಂಟಿನ್ಯುಯಲ್ ರೀಅಸೆಸ್‌ಮೆಂಟ್ ಮೆಥಡ್) ಎಲ್ಲ ರೋಗಿಗಳ ಮಾಹಿತಿಯನ್ನೂ ಒಂದೇ ಮಾದರಿಗೆ ಸೇರಿಸುತ್ತದೆ. ಜೋಡಿಗೆಂದೇ ಬೆಳೆಸಿದ ರೂಪದಲ್ಲಿ ಯಾವ ಜೋಡಿ ಡೋಸ್ ಹೆಚ್ಚು ತೊಂದರೆ ಕೊಡುತ್ತದೆ ಎಂಬುದರ ಹಲವು ಸಂಭವನೀಯ ಕ್ರಮಗಳನ್ನು ಇಟ್ಟುಕೊಂಡು, ಮಾಹಿತಿಗೆ ಹೊಂದುವುದನ್ನು ಆರಿಸುತ್ತಾರೆ. ನನಗಿದು ಇಷ್ಟ. ಆದರೆ ರೋಗಿಗಳ ಪ್ರತಿ ತಂಡದ ನಂತರ ಲೆಕ್ಕ ಹಾಕಲು ಸಂಖ್ಯಾಶಾಸ್ತ್ರಜ್ಞರು ಬೇಕು.

ಬಾಯಿನ್‌ಗೆ (BOIN, ಬೇಯೇಸಿಯನ್ ಆಪ್ಟಿಮಲ್ ಇಂಟರ್ವಲ್) ಡೋಸ್ ಏರಿಸುವ, ಇಳಿಸುವ ಗಡಿಗಳು ಮೊದಲೇ ಸಿದ್ಧ. 30% ರೋಗಿಗಳಿಗೆ ತೀವ್ರ ತೊಂದರೆ ಆಗುವ ಡೋಸ್ ಗುರಿಯಾದರೆ, ಈಗಿನ ಡೋಸ್‌ನಲ್ಲಿ ತೊಂದರೆಯಾದವರು 23.6% ಅಥವಾ ಕಡಿಮೆ ಇದ್ದಾಗ ಏರಿಸಿ, ಸುಮಾರು 36% ಮುಟ್ಟಿದರೆ ಇಳಿಸಿ. ಜೋಡಿಯಲ್ಲಿ ಯಾವ ಔಷಧಿಯನ್ನು ಏರಿಸಬೇಕು ಅನ್ನೋದಕ್ಕೆ ಮಾತ್ರ ಸಣ್ಣ ಲೆಕ್ಕವಿದೆ. ಲೆಕ್ಕದವರು ಸದಾ ಕೈಗೆ ಸಿಗದ ಕಡೆ ಇದೇ ವಾಸಿ.