ರಾತ್ರಿ ಊಟಕ್ಕೆ ಓಟ್ಸಾ, ಚಪಾತಿಯಾ, ಅನ್ನವಾ, ಮುದ್ದೆಯಾ? ಹನ್ನೆರಡು ವಾರ ತಿಂದು ನೋಡಿದ್ದು

ಜನವರಿಯಲ್ಲಿ ರಕ್ತ ಪರೀಕ್ಷೆಯ ಚೀಟಿ ಕೈಗೆ ಬಂತು. ಎಚ್‌ಬಿಎ1ಸಿ 6.1. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ ಅದು. 5.7 ಮುಟ್ಟಿದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಕಾಯಿಲೆಯೇ. ತೂಕ 74.2 ಕೆಜಿ, ಎತ್ತರ 156 ಸೆಂಟಿಮೀಟರ್. ಸೊಂಟದ ಸುತ್ತಳತೆ 97. ನಮ್ಮ ದೇಶದ ಹೆಂಗಸರಿಗೆ 80 ದಾಟಬಾರದು ಅಂತಾರೆ. ನಮ್ಮ ಅಮ್ಮ ಹದಿನೈದು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ನೋಡಿದವಳು ನಾನು. ನಿಜಕ್ಕೂ ಭಯವಾಯಿತು.

ಎಲ್ಲರೂ ಹೇಳಿದ್ದು ಒಂದೇ: ರಾತ್ರಿ ಅನ್ನ ಬಿಡು. ಬಿಟ್ಟು ಏನು ತಿನ್ನಬೇಕು ಅಂದಾಗ ಮಾತ್ರ ಒಬ್ಬೊಬ್ಬರದು ಒಂದೊಂದು. ಆಫೀಸಿನ ಗೆಳತಿ ಓಟ್ಸ್ ಅಂದಳು. ನಮ್ಮ ಯಜಮಾನರು ಚಪಾತಿ ಅಂದರು. ಅತ್ತೆ, "ಮುದ್ದೆ ಬಿಟ್ಟು ಏನೇನೋ ಹುಡುಕ್ತೀಯಲ್ಲಮ್ಮ" ಅಂದರು. ಯಾರದು ಸರಿ ಅಂತ ವಾದ ಮಾಡೋದಕ್ಕಿಂತ ತಿಂದು ನೋಡೋಣ ಅಂತ ಕೂತೆ.

ಮೂರು ಮೂರು ವಾರ ಒಂದೊಂದು. ಬೆಳಗಿನ ತಿಂಡಿ, ಮಧ್ಯಾಹ್ನದ ಡಬ್ಬಿ ಯಾವತ್ತಿನ ಹಾಗೆಯೇ. ಸಂಜೆ ತುಮಕೂರಿನ ಅಮಾನಿಕೆರೆ ಸುತ್ತ ಅರ್ಧ ಗಂಟೆ ನಡಿಗೆ. ಊಟ ಎಂಟು ಗಂಟೆಗೆ. ತೂಕ ನೋಡೋದು ಭಾನುವಾರ ಬೆಳಿಗ್ಗೆ ಮಾತ್ರ, ಬರೀ ಹೊಟ್ಟೆಯಲ್ಲಿ. ವಾರಕ್ಕೆರಡು ಸಲ, ಊಟವಾದ ಎರಡು ಗಂಟೆಗೆ ಬೆರಳು ಚುಚ್ಚಿ ಸಕ್ಕರೆ ನೋಡುತ್ತಿದ್ದೆ. ಅಡುಗೆಮನೆಗೆ ಗ್ರಾಂ ತೋರಿಸುವ ಪುಟ್ಟ ತಕ್ಕಡಿಯೊಂದನ್ನು ತಂದಿಟ್ಟೆ. ಇಡೀ ಪ್ರಯೋಗದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಆ ತಕ್ಕಡಿಯೇ.

ಮೊದಲು ಓಟ್ಸ್. ಬಣ್ಣದ ಪೊಟ್ಟಣದ ಮಸಾಲೆ ಓಟ್ಸ್ ತರಲಿಲ್ಲ, ಅದರಲ್ಲಿ ಉಪ್ಪು ಜಾಸ್ತಿ. ಸಾದಾ ಓಟ್ಸ್, 40 ಗ್ರಾಂ. ಸುಮಾರು 150 ಕ್ಯಾಲೊರಿ. ಐದು ನಿಮಿಷದಲ್ಲಿ ಬೇಯುತ್ತದೆ. ಏಳೂವರೆಗೆ ಮನೆ ಸೇರುವವಳಿಗೆ ಇದು ದೊಡ್ಡ ಅನುಕೂಲ. ಮೂರು ವಾರದಲ್ಲಿ ತೂಕ 72.8ಕ್ಕೆ ಇಳಿಯಿತು. ನಾಲ್ಕರಲ್ಲಿ ಅತಿ ಹೆಚ್ಚು ಇಳಿದದ್ದು ಇಲ್ಲೇ. ಆದರೆ ಇದನ್ನು ಓಟ್ಸ್‌ನ ಗೆಲುವು ಅಂತ ಬರೆದರೆ ತಪ್ಪಾಗುತ್ತದೆ. ಯಾವ ಪಥ್ಯ ಶುರು ಮಾಡಿದರೂ ಮೊದಲ ವಾರಗಳಲ್ಲಿ ಮೈಯ ನೀರೇ ಜಾಸ್ತಿ ಇಳಿಯುತ್ತದೆ. ಮೊದಲ ಸರದಿ ಯಾವುದಕ್ಕೆ ಬಂದಿದ್ದರೂ ಹೀಗೇ ಆಗುತ್ತಿತ್ತು.

ಕಷ್ಟ ಇದ್ದದ್ದು ರಾತ್ರಿ ಹತ್ತೂವರೆಗೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಎರಡನೇ ವಾರದ ಗುರುವಾರ ಕೋಡುಬಳೆ ಡಬ್ಬಿ ತೆಗೆದು, ನಿಂತಲ್ಲೇ ಐದು ತಿಂದೆ. ಓಟ್ಸ್‌ನಲ್ಲಿ ಉಳಿಸಿದ್ದೆಲ್ಲ ಆ ಐದು ಕೋಡುಬಳೆಯಲ್ಲಿ ಹೋಯಿತು. ಮರುದಿನದಿಂದ ಓಟ್ಸ್ ಜೊತೆ ಒಂದು ಹಿಡಿ ಮೊಳಕೆ ಹೆಸರುಕಾಳು, ಬೀನ್ಸು, ಕ್ಯಾರೆಟ್ಟು ಹಾಕಿ ಉಪ್ಪಿಟ್ಟಿನ ಹಾಗೆ ಮಾಡಿದೆ. ಹಸಿವು ಹನ್ನೊಂದರವರೆಗೆ ಸುಮ್ಮನಿತ್ತು, ಅಷ್ಟರಲ್ಲಿ ನಿದ್ದೆ. ಇನ್ನೊಂದು ಸಂಕಟಕ್ಕೆ ಮಾತ್ರ ಮದ್ದು ಸಿಗಲಿಲ್ಲ. ಮನೆಯವರೆಲ್ಲ ಸಾರು ಅನ್ನ ಕಲಸಿಕೊಂಡು ಮಾತಾಡುತ್ತಾ ಉಣ್ಣುವಾಗ ನಾನೊಬ್ಬಳೇ ಬಟ್ಟಲು ಹಿಡಿದು ಕೂತಿರುತ್ತಿದ್ದೆ. ಮೂರು ವಾರ ಸರಿ, ಮೂರು ವರ್ಷ ಹಾಗೆ ಕೂರೋದಕ್ಕೆ ಆಗುತ್ತಾ?

ಚಪಾತಿ ನನ್ನ ಕಣ್ಣು ತೆರೆಸಿತು. ಚಪಾತಿ ಅಂದರೆ ಡಯೆಟ್ ಅಂತ ನಾವೆಲ್ಲ ನಂಬಿದ್ದೇವೆ, ಅಲ್ವಾ? ಮೊದಲ ದಿನ ಮಾಮೂಲಿನಂತೆ ಹಿಟ್ಟು ಕಲಸಿದೆ. ಈ ಸಲ ಅಳೆದು ಕಲಸಿದೆ. 400 ಗ್ರಾಂ ಹಿಟ್ಟಿಗೆ ಒಂಬತ್ತು ಚಪಾತಿ ಆಯಿತು. ಒಂದಕ್ಕೆ ಸುಮಾರು 45 ಗ್ರಾಂ ಹಿಟ್ಟು. ಮೂರು ತಿಂದರೆ 135 ಗ್ರಾಂ, ಅಂದರೆ 430 ಕ್ಯಾಲೊರಿ. ಕಾವಲಿ ಮೇಲೆ ಒಂದೊಂದಕ್ಕೂ ಒಂದು ಟೀ ಚಮಚ ಎಣ್ಣೆ, ಚಮಚಕ್ಕೆ 45 ಕ್ಯಾಲೊರಿ. ಒಟ್ಟು 565. ಇದರ ಮೇಲೆ ಪಲ್ಯ ಬೇರೆ. ಅನ್ನದ ಲೆಕ್ಕಕ್ಕೆ ತಂದರೆ 160 ಗ್ರಾಂ ಅಕ್ಕಿಗೆ ಸಮ. ಅಷ್ಟು ಅಕ್ಕಿಯ ಅನ್ನವನ್ನು ನಾನು ಒಂದು ಹೊತ್ತಿಗೆ ಯಾವತ್ತೂ ಉಂಡವಳಲ್ಲ. ಅನ್ನ ಬಿಟ್ಟು ಚಪಾತಿ ತಿಂದು ತೂಕ ಇಳಿಯಲಿಲ್ಲ ಅಂತ ಎಷ್ಟೋ ಹೆಂಗಸರು ಹಲುಬುವುದನ್ನು ಕೇಳಿದ್ದೇನೆ. ಅವರಲ್ಲಿ ಛಲ ಕಮ್ಮಿ ಇತ್ತು ಅಂತ ಅಲ್ಲ. ಲೆಕ್ಕವನ್ನು ಯಾರೂ ಅವರಿಗೆ ಹೇಳಿರಲಿಲ್ಲ, ಅಷ್ಟೆ.

ಎರಡು ವಾರ ತೂಕ ಅಲ್ಲಾಡಲಿಲ್ಲ. ಮೂರನೇ ವಾರ 30 ಗ್ರಾಂ ಹಿಟ್ಟಿನ ಎರಡೇ ಎರಡು ಫುಲ್ಕ, ಎಣ್ಣೆ ಇಲ್ಲದೆ, ಜೊತೆಗೆ ಗಟ್ಟಿ ಪಾಲಕ್ ದಾಲ್. ಆಗ 300 ಗ್ರಾಂ ಇಳಿದು 72.5 ಆಯಿತು. ಎರಡು ಗಂಟೆ ನಂತರದ ಸಕ್ಕರೆಯೂ ಮೂರು ಚಪಾತಿಯ ದಿನ 171 ಇದ್ದದ್ದು, ಎರಡು ಫುಲ್ಕದ ದಿನ 138. ಗೋಧಿಯಲ್ಲಿ ಪ್ರೋಟೀನು ಅಕ್ಕಿಗಿಂತ ಜಾಸ್ತಿ, ನಾರೂ ಜಾಸ್ತಿ, ಅದೆಲ್ಲ ನಿಜ. ಆದರೆ ಆಫೀಸಿನಿಂದ ಬಂದು ನಾಲ್ಕು ಜನಕ್ಕೆ ಲಟ್ಟಿಸಿ ಬೇಯಿಸುವಷ್ಟರಲ್ಲಿ ಸೊಂಟ ಬೀಳುತ್ತಿತ್ತು. ಮಗನಿಗೆ ಚಪಾತಿ ಜೊತೆ ಆಲೂಗಡ್ಡೆ ಪಲ್ಯವೇ ಬೇಕು, ಅದನ್ನು ಕಂಡರೆ ನನಗೂ ಬೇಕು.

ಇನ್ನು ಅನ್ನ. ಬಿಡಬೇಕು ಅಂತ ಎಲ್ಲರೂ ಹೇಳಿದ್ದನ್ನು ಯಾಕೆ ಪ್ರಯೋಗಕ್ಕೆ ಸೇರಿಸಿದೆ ಅಂದರೆ, ಅದು ನನಗೆ ಇಷ್ಟ. ಜೀವನಪೂರ್ತಿ ಬಿಡೋದು ನನ್ನಿಂದ ಆಗಲ್ಲ ಅಂತ ಗೊತ್ತಿತ್ತು. ಹಾಗಾಗಿ 60 ಗ್ರಾಂ ಅಕ್ಕಿಯ ಅನ್ನ ಅಂತ ಅಳತೆ ಇಟ್ಟುಕೊಂಡೆ. ಬೆಂದ ಮೇಲೆ ಒಂದು ಸಣ್ಣ ಬಟ್ಟಲಿನಷ್ಟಾಗುತ್ತದೆ, 210 ಕ್ಯಾಲೊರಿ. ಇಷ್ಟರಿಂದ ಹೊಟ್ಟೆ ತುಂಬುತ್ತಾ ಅಂತ ಅನುಮಾನವಿತ್ತು. ತೊಂದರೆ ಆದದ್ದು ಬೇರೆ ಕಡೆ. ನಮ್ಮಲ್ಲಿ ಅನ್ನದ ಊಟ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೊದಲು ಹುಳಿಗೆ, ಆಮೇಲೆ ಸಾರಿಗೆ, ಕೊನೆಗೆ ಮಜ್ಜಿಗೆಗೆ. ಪ್ರತಿ ಸಲವೂ "ಒಂಚೂರು" ಅಂತಲೇ ಬಡಿಸಿಕೊಳ್ಳೋದು. ಮೂರು ಒಂಚೂರು ಸೇರಿ ಎಷ್ಟಾಗುತ್ತದೆ ಅಂತ ತಕ್ಕಡಿ ತೋರಿಸಿತು: ನನ್ನ ಅಳತೆಯ ಒಂದೂಮುಕ್ಕಾಲು ಪಟ್ಟು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು, ಹಣ್ಣು ಇರಲಿ ಅಂತಾರೆ. ಅದನ್ನೇ ಹಿಡಿದೆ. ತಟ್ಟೆಗೆ ಮೊದಲು ಪಲ್ಯ, ಅರ್ಧ ತುಂಬುವಷ್ಟು. ಆಮೇಲೆ ಬಟ್ಟಲಲ್ಲಿ ಅಳೆದ ಅನ್ನ. ಸಾರಿಗೆ ಬೇಳೆ ಜಾಸ್ತಿ. ಮಜ್ಜಿಗೆಯನ್ನು ಕಲಸೋದು ಬಿಟ್ಟು ಲೋಟದಲ್ಲಿ ಕುಡಿದೆ. ಕುಕ್ಕರನ್ನು ಊಟದ ಜಾಗಕ್ಕೆ ತರಲೇ ಇಲ್ಲ. ಮೂರು ವಾರದಲ್ಲಿ 900 ಗ್ರಾಂ ಇಳಿದು 71.6. ಅನ್ನ ತಿಂದೇ ಇಳಿಯಿತಲ್ಲ ಅಂತ ನನಗೆ ಎಷ್ಟು ಸಮಾಧಾನವಾಯಿತು ಗೊತ್ತಾ? ಆ ನಡುವೆ ತವರಿಗೆ ಹೋಗಿ ನಾಲ್ಕು ದಿನ ಇದ್ದೆ. ಅಲ್ಲಿ ಯಾರ ಮನೆಯಲ್ಲಿ ಊಟಕ್ಕೆ ಕೂತರೂ ಈ ಪದ್ಧತಿ ನಡೆಯಿತು. ಬೇರೆ ಅಡುಗೆ ಬೇಕು ಅಂತ ಯಾರನ್ನೂ ಕೇಳಬೇಕಾಗಲಿಲ್ಲ.

ಕೊನೆಯದು ಮುದ್ದೆ. ಇದನ್ನು ಬೇಕಂತಲೇ ಕೊನೆಗಿಟ್ಟಿದ್ದೆ, ಮಾಡೋದಕ್ಕೆ ಬರುತ್ತಿರಲಿಲ್ಲ. ನಮ್ಮ ತವರಿನ ಕಡೆ ಅನ್ನ, ರೊಟ್ಟಿಯೇ ಹೆಚ್ಚು. ಮೊದಲ ಎರಡು ದಿನ ಹಿಟ್ಟು ಗಂಟಾಯಿತು. ಮೂರನೇ ದಿನ ಅತ್ತೆ ಪಕ್ಕಕ್ಕೆ ಬಂದು ನಿಂತರು. "ಎಸರು ಕುದಿಯೋವರೆಗೂ ಕಾಯಮ್ಮ, ಅವಸರ ಮಾಡಬೇಡ." ಎಸರಿಗೆ ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಹಾಕಿಸಿದರು. ಅದು ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಸಿ, ಕೋಲಿನಿಂದ ಮಧ್ಯೆ ಒಂದು ತೂತು ಮಾಡಿಸಿದರು. ಆ ತೂತಿನಿಂದ ಎಸರು ಬುಳುಬುಳು ಅಂತ ಮೇಲೆ ಬರುತ್ತಿರಬೇಕು. ಸಣ್ಣ ಉರಿಯಲ್ಲಿ ಐದಾರು ನಿಮಿಷ. ಆಮೇಲೆ ಕೆಳಗಿಳಿಸಿ ತಿರುವೋದು. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು, ಅಂಟಿದರೆ ಇನ್ನೂ ಬೆಂದಿಲ್ಲ. ಅತ್ತೆ ಮಣೆ ಮೇಲೆ ಕೂತು, ಪಾತ್ರೆಯನ್ನು ಎರಡು ಪಾದದ ನಡುವೆ ಬಟ್ಟೆ ಕೊಟ್ಟು ಹಿಡಿದು ತಿರುವುತ್ತಾರೆ. ನನಗೆ ಮಂಡಿ ಬಗ್ಗುತ್ತಿರಲಿಲ್ಲ. ಕಟ್ಟೆ ಮೇಲಿಟ್ಟು ನಿಂತೇ ತಿರುವಿದೆ.

ಅತ್ತೆಯ ತವರು ಮಂಡ್ಯದ ಕಡೆ. ಅವರ ಹೊಲದಲ್ಲಿ ಇಂಡಾಫ್ ರಾಗಿ ಹಾಕುತ್ತಿದ್ದರಂತೆ. ಆಫ್ರಿಕಾದ ರಾಗಿಗೂ ನಮ್ಮ ರಾಗಿಗೂ ಸಂಕರ ಮಾಡಿ ಕೃಷಿ ವಿಜ್ಞಾನಿ ಲಕ್ಷ್ಮಣಯ್ಯನವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಬೆಳೆಸಿದ ತಳಿಗಳವು. ತೆನೆಯ ದಪ್ಪವನ್ನು ಅತ್ತೆ ಈಗಲೂ ಮುಷ್ಟಿ ಕಟ್ಟಿ ತೋರಿಸುತ್ತಾರೆ.

ನನ್ನ ಮುದ್ದೆಗೆ 75 ಗ್ರಾಂ ಹಿಟ್ಟು. 240 ಕ್ಯಾಲೊರಿ, ಎಣ್ಣೆಯ ಸೋಂಕಿಲ್ಲ. ದೊಡ್ಡ ಕಿತ್ತಳೆ ಹಣ್ಣಿನಷ್ಟಾಗುತ್ತದೆ. ನಾನು ತಿಂದಿರುವ ಹೋಟೆಲ್ ಮುದ್ದೆಗಳು ಇದರ ಎರಡರಷ್ಟಿರುತ್ತವೆ, ಅದನ್ನು ನೋಡಿ ಅಳತೆ ಮಾಡಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಅಕ್ಕಿಯಲ್ಲಿ ಹತ್ತೂ ಇಲ್ಲ. ನಲವತ್ತು ದಾಟಿದ ಹೆಂಗಸರು ಇದೊಂದು ಕಾರಣಕ್ಕಾದರೂ ರಾಗಿ ತಿನ್ನಬೇಕು. ಆದರೆ ರಾಗಿ ತಿಂದರೆ ಸಕ್ಕರೆ ಏರುವುದೇ ಇಲ್ಲ ಅನ್ನೋ ಮಾತನ್ನು ನಂಬಬೇಡಿ. ಒಂದು ದಿನ ಪರೀಕ್ಷೆಗೆಂದೇ ದೊಡ್ಡ ಮುದ್ದೆಯನ್ನು ತಿಳಿ ಸಾರಲ್ಲಿ ಉಂಡೆ. ಎರಡು ಗಂಟೆ ನಂತರ 169. ಮೂರು ಚಪಾತಿಯ ದಿನಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ನನ್ನ ಅಳತೆಯ ಮುದ್ದೆಯನ್ನು ಬಸ್ಸಾರಿನ ಜೊತೆ ಉಂಡ ದಿನ 130.

ಆ ಬಸ್ಸಾರು ಏನು ಮಾಡಿತು ಅಂತ ಹೇಳಲೇಬೇಕು. ದಂಟಿನ ಸೊಪ್ಪು, ಹುರುಳಿಕಾಳು ಬೇಯಿಸಿ ಬಸಿಯುತ್ತೇವೆ. ಬಸಿದ ಕಟ್ಟು ಸಾರಾಗುತ್ತದೆ, ಸೊಪ್ಪು ಕಾಳು ಪಲ್ಯವಾಗುತ್ತದೆ. ಮುದ್ದೆ ಇಟ್ಟ ಮೇಲೆ ಇವು ಬೇಕೇ ಬೇಕು, ಇಲ್ಲದಿದ್ದರೆ ಗಂಟಲಲ್ಲಿ ಇಳಿಯುವುದಿಲ್ಲ. ಅಂದರೆ ಮುದ್ದೆ ಮನೆಗೆ ಬಂದರೆ ಸೊಪ್ಪು, ಕಾಳನ್ನು ತಾನೇ ಕರೆದುಕೊಂಡು ಬರುತ್ತದೆ. ಚಪಾತಿ ಎಣ್ಣೆ, ಆಲೂಗಡ್ಡೆಯನ್ನು ಕರೆದುಕೊಂಡು ಬಂತು. ಅನ್ನ ಇನ್ನಷ್ಟು ಅನ್ನವನ್ನು ಕರೆಯಿತು. ಓಟ್ಸ್ ಒಂಟಿಯಾಗಿ ಬಂತು. ಉಳಿದ ಮೂರರಲ್ಲಿ ನಾನು ಕಷ್ಟಪಟ್ಟು ತಟ್ಟೆಗೆ ಸೇರಿಸಿದ್ದ ಕಾಳು, ಸೊಪ್ಪು ಇಲ್ಲಿ ಯೋಚನೆಯೇ ಇಲ್ಲದೆ ಸೇರಿತು. ರಾತ್ರಿ ಹಸಿವಿನ ಸುದ್ದಿಯೇ ಇಲ್ಲ. ತೂಕ 70.3. ಕೋಡುಬಳೆ ಡಬ್ಬಿ ಎಲ್ಲಿದೆ ಅಂತಲೂ ನೆನಪಾಗಲಿಲ್ಲ. ಓಟ್ಸ್‌ಗೆ ಕೊಟ್ಟ ದುಡ್ಡಿನಲ್ಲಿ ನಾಲ್ಕು ಪಟ್ಟು ರಾಗಿ ಬಂತು, ಅದೂ ಒಂದು ಮಾತು.

ಹಾಗಾದರೆ ಯಾವುದು? ಒಬ್ಬರೇ ಇರುವವರು, ತಡವಾಗಿ ಮನೆಗೆ ಬರುವವರು ಓಟ್ಸ್ ಮಾಡಿಕೊಳ್ಳಿ, ಕಾಳು ಮಾತ್ರ ಮರೆಯಬೇಡಿ. ಚಪಾತಿ ಬಿಡಲಾಗದಿದ್ದರೆ ಒಂದು ದಿನ ಹಿಟ್ಟನ್ನು ಅಳೆದು ನೋಡಿ, ಅಷ್ಟು ಸಾಕು. ಓಡಾಟ, ನೆಂಟರ ಮನೆ, ಮದುವೆ ಅಂತಿದ್ದರೆ ಅಳೆದ ಅನ್ನವೇ ಸರಿ, ಅದಕ್ಕೆ ಹೆದರಬೇಡಿ. ನಾಲ್ಕು ಜನ ಕೂತು ಉಣ್ಣುವ ಮನೆಯಾದರೆ ನನ್ನ ಓಟು ಮುದ್ದೆಗೆ. ಮೂತ್ರಪಿಂಡದ ತೊಂದರೆ ಇರುವವರು, ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬದಲಾಯಿಸಬೇಡಿ. ನನ್ನ ಮೈಗೆ ಆದದ್ದು ನಿಮ್ಮ ಮೈಗೂ ಹಾಗೇ ಆಗಬೇಕು ಅಂತೇನಿಲ್ಲ.

ಈಗ ವಾರಕ್ಕೆ ಐದು ದಿನ ಮುದ್ದೆ, ಎರಡು ದಿನ ಅನ್ನ. ಆಗಸ್ಟಿನ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 5.8 ಬಂತು. ತೂಕ 68.6, ಸೊಂಟ 91. ಇನ್ನೂ ದಾರಿ ಉದ್ದವಿದೆ.

ಮೊನ್ನೆ ಭಾನುವಾರ ಅತ್ತೆಗೆ ಜ್ವರ. ಎಸರು ಇಟ್ಟು, ಹಿಟ್ಟು ಬೇಯಿಸಿ, ಪಾತ್ರೆ ಕೆಳಗಿಳಿಸಿದೆ. ಕಟ್ಟೆ ಮೇಲೆ ಅಂದು ಪಾತ್ರೆ ಸಾಮಾನು ತುಂಬಿತ್ತು. ಮಣೆ ಎಳೆದುಕೊಂಡು ಕೂತೆ. ಮಂಡಿ ಬಗ್ಗಿತು. ಪಾದದ ನಡುವೆ ಪಾತ್ರೆ ಹಿಡಿದು ತಿರುವಿ, ನಾಲ್ಕು ಮುದ್ದೆ ಕಟ್ಟಿದೆ. ಎದ್ದು ನಿಂತ ಮೇಲೆ ಗೊತ್ತಾಯಿತು, ಏಳುವಾಗ ಗೋಡೆ ಹಿಡಿದಿರಲಿಲ್ಲ. ಕೋಣೆಯಿಂದ ಅತ್ತೆ ಕೇಳಿದರು, "ಗಂಟಾಯ್ತೇನಮ್ಮ?"

"ಇಲ್ಲ ಅತ್ತೆ," ಅಂದೆ.