ಯುಮಿಕ್-1 ಮೈಕು, ಹಳೇ ಹಾರ್ಬೆತ್, ತೀರ್ಥಹಳ್ಳಿಯ ಹಂಚಿನ ಮನೆ

ಹಳೇ ಸ್ಪೀಕರ್ ಮಾರಿ ಹೊಸದು ತರುವ ಯೋಚನೆಯಲ್ಲಿರುವವರು ಮೊದಲು ಈ ಮೈಕು ಕೊಳ್ಳಿ, ಇಲ್ಲವೇ ಯಾರಿಂದಾದರೂ ಎರವಲು ತನ್ನಿ. ಮಿನಿಡಿಎಸ್‌ಪಿ ಕಂಪನಿಯ ಯುಮಿಕ್-1 ಹಾಡು ರೆಕಾರ್ಡ್ ಮಾಡುವುದಕ್ಕಲ್ಲ, ಸದ್ದು ಅಳೆಯುವುದಕ್ಕೆ. ಯುಎಸ್‌ಬಿ ವೈರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಆರ್‌ಇಡಬ್ಲ್ಯೂ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡರೆ, ಸ್ಪೀಕರಿನಿಂದ ಹೊರಟ ಸದ್ದು ನೀವು ಕೂರುವ ಕುರ್ಚಿ ಮುಟ್ಟುವಷ್ಟರಲ್ಲಿ ಏನಾಗಿದೆ, ಯಾವ ಸ್ವರ ಉಬ್ಬಿದೆ, ಯಾವುದು ಕುಗ್ಗಿದೆ ಅಂತ ಗೆರೆ ಎಳೆದು ತೋರಿಸುತ್ತದೆ.

ನನ್ನ ಸ್ಪೀಕರುಗಳು ಹಾರ್ಬೆತ್ ಕಂಪ್ಯಾಕ್ಟ್ 7. ಬಿಬಿಸಿಯಲ್ಲಿ ಎಂಜಿನಿಯರಾಗಿದ್ದ ಡಡ್ಲಿ ಹಾರ್ವುಡ್ 1977ರಲ್ಲಿ ಕಟ್ಟಿದ ಕಂಪನಿ, ಮನುಷ್ಯನ ದನಿಗೆ ಹೆಸರುವಾಸಿ. ಕೋನಿನ, ಅಂದರೆ ಅದುರಿ ಸದ್ದು ಹೊರಡಿಸುವ ಬಟ್ಟಲಿನ, ಅಂಚು ರಬ್ಬರಿನದು, ಹಾಗಾಗಿ ನಮ್ಮ ಮಳೆಗಾಲಗಳನ್ನು ತಡೆದುಕೊಂಡಿವೆ. ಫೋಮ್ ಅಂಚಿನವು ಈ ಥಂಡಿಗೆ ಪುಡಿಯಾಗಿ ಉದುರುತ್ತವೆ. ಆದರೂ ಗಂಡು ಗಾಯಕರ ಷಡ್ಜ ತೆಳುವಾಗಿ, ತಬಲದ ಡಗ್ಗ ಮಾತ್ರ ಗುಂಯ್‌ಗುಡುತ್ತಿತ್ತು. ಬೆಂಗಳೂರಿನ ಅಂಗಡಿಯೊಂದರಲ್ಲಿ ವಿಚಾರಿಸಿದರೆ, "ವಯಸ್ಸಾಯ್ತಲ್ಲ ಸಾರ್" ಅಂತ ಹೊಸದರ ಬೆಲೆ ಹೇಳಿದರು. ಜೊತೆಗೆ ಒಂದು ದುಬಾರಿ ವೈರನ್ನೂ ತೋರಿಸಿದರು.

ಮೈಕು ಬಂದ ಮೇಲೆ ಮೊದಲು ಎರಡೂ ಸ್ಪೀಕರನ್ನು ಹತ್ತಿರದಿಂದ ಅಳೆದು, ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ಸರಿಯಾಗಿ ಕೂತವು. ಟ್ವೀಟರೋ (ಮೇಲಿನ ಸ್ಥಾಯಿಯ ಚಿಕ್ಕ ಸ್ಪೀಕರು), ಕ್ರಾಸೋವರಿನ (ಮೇಲಿನ, ಕೆಳಗಿನ ಸದ್ದು ಬೇರ್ಪಡಿಸುವ ಸರ್ಕೀಟಿನ) ಕೆಪಾಸಿಟರೋ ಸೋತಿದ್ದರೆ ಎರಡೂ ಕಡೆ ಒಂದೇ ಅಳತೆಯಲ್ಲಿ ಸೋಲುವುದು ಅಪರೂಪ. ಆಮೇಲೆ ಮೈಕನ್ನು ಕುರ್ಚಿಯ ಹತ್ತಿರ, ಕಿವಿಯ ಎತ್ತರಕ್ಕೆ ಇಟ್ಟೆ. ಗೆರೆಯಲ್ಲಿ 143 ಹರ್ಟ್ಸ್ ಸುತ್ತ ಆಳದ ಗುಂಡಿ! ಗಂಡು ದನಿಗೆ ತೀರಾ ರೂಢಿಯಲ್ಲಿರುವ ಕಪ್ಪು ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ) ಷಡ್ಜ ಸುಮಾರು 138 ಹರ್ಟ್ಸ್. ಗಾಯಕರ ಷಡ್ಜ ನೇರವಾಗಿ ಆ ಗುಂಡಿಗೇ ಬೀಳುತ್ತಿತ್ತು.

ಕಾರಣ ಗೋಡೆ. ಕೋನಿನಿಂದ ಹಿಂದಿನ ಜಂಬಿಟ್ಟಿಗೆ ಗೋಡೆಗೆ 60 ಸೆಂ.ಮೀ. ಇತ್ತು. ಹಿಂದಕ್ಕೆ ಹೋದ ಸದ್ದು ಗೋಡೆಗೆ ಬಡಿದು ಬರುವಾಗ 1.2 ಮೀಟರ್ ಹೆಚ್ಚು ನಡೆಯುತ್ತದೆ. 143 ಹರ್ಟ್ಸ್‌ನ ಅಲೆಗೆ ಅದು ಸರಿಯಾಗಿ ಅರ್ಧ ಅಲೆ. ಹಾಗಾಗಿ ಮುಂದಿನ ಸದ್ದೂ ಹಿಂದಿನ ಸದ್ದೂ ಒಂದನ್ನೊಂದು ಹೊಡೆದುಹಾಕುತ್ತವೆ. ಈ ಗುಂಡಿಯನ್ನು ಈಕ್ವಲೈಜರಿನಿಂದ (ಬೇಕಾದ ಸ್ವರವನ್ನಷ್ಟೇ ಏರಿಸಿ ಇಳಿಸುವ ಸಾಧನ) ತುಂಬಿಸಲಾಗದು, ನೀವು ಏರಿಸಿದಷ್ಟು ಗೋಡೆಯಿಂದ ಬರುವುದೂ ಏರುತ್ತದೆ. ವೈರು ಬದಲಾಯಿಸಿದರಂತೂ ಏನೂ ಆಗದು.

ಹಲಸಿನ ಮರದ ಸ್ಟ್ಯಾಂಡುಗಳ ಸಮೇತ 110 ಸೆಂ.ಮೀ.ಗೆ ಮುಂದೆ ತಂದೆ. ಗುಂಡಿ 78 ಹರ್ಟ್ಸ್ ಕಡೆ ಸರಿಯಿತು. ಮುಚ್ಚಿಹೋಗಲಿಲ್ಲ, ಗಾಯಕರ ದಾರಿ ಬಿಟ್ಟಿತು ಅಷ್ಟೆ. ಡಗ್ಗದ ಗುಂಯ್ ಬೇರೆಯದೇ ಕತೆ: ಹಾಲಿನ ಉದ್ದ 5 ಮೀಟರ್, ಆ ಉದ್ದಕ್ಕೆ 69 ಹರ್ಟ್ಸ್‌ನಲ್ಲಿ ಸದ್ದು ಗೋಡೆಯ ಬಳಿ ಉಬ್ಬುತ್ತದೆ, ನನ್ನ ಕುರ್ಚಿಯೋ ಗೋಡೆಗೆ ಒರಗಿತ್ತು. ಕುರ್ಚಿಯನ್ನು ಆ ಉಬ್ಬು ಇಳಿಯುವ ಜಾಗಕ್ಕೆ, ಗೋಡೆಯಿಂದ ಹಾಲಿನ ಉದ್ದದ ಕಾಲುಭಾಗ ಅಂದರೆ 1.25 ಮೀಟರ್ ಈಚೆ ಎಳೆದ ಮೇಲೆ ಡಗ್ಗ ಡಗ್ಗದ ಹಾಗೇ ಕೇಳಿತು. ಕಾವಿ ನೆಲಕ್ಕೆ ಜಮಖಾನೆ ಹಾಸಿದ್ದರಿಂದ ಮೇಲಿನ ಸ್ಥಾಯಿಯ ಚುರುಕುತನವೂ ಹದಕ್ಕೆ ಬಂತು. ಹಾಲಿನ ನಡುವೆ ಎರಡು ಪೆಟ್ಟಿಗೆ ನಿಂತಿರುವುದು ಮನೆಯವರಿಗೆ ಹಿಡಿಸಿಲ್ಲ. ನೆಂಟರು ಬಂದಾಗ ಹಿಂದೆ ತಳ್ಳುತ್ತೇನೆ, ಮತ್ತೆ ತರಲು ನೆಲದ ಮೇಲೆ ಟೇಪಿನ ಗುರುತಿದೆ.

ತಕರಾರುಗಳೂ ಇವೆ. ಆರ್‌ಇಡಬ್ಲ್ಯೂ ತೆರೆದ ಕೂಡಲೇ ಬಟನ್ನುಗಳ ಜಾತ್ರೆ, ಹೊಸಬರಿಗೆ ತಲೆಬಿಸಿ. ಸ್ಮೂದಿಂಗ್ (ಗೆರೆಯನ್ನು ನಯಗೊಳಿಸುವ ಆಯ್ಕೆ) ಹಾಕದಿದ್ದರೆ ಗೆರೆ ಗರಗಸದ ಹಲ್ಲಿನಂತೆ ಕಾಣುತ್ತದೆ. ಅರ್ಥಿಂಗ್ ಸರಿಯಿಲ್ಲದ ಹಳೇ ಮನೆಗಳಲ್ಲಿ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ಅಳೆಯಿರಿ, ಇಲ್ಲದಿದ್ದರೆ ಹಮ್, ಅಂದರೆ ಕರೆಂಟಿನ ಗುಂಯ್ ಸದ್ದು, ಸೇರಿಕೊಳ್ಳುತ್ತದೆ. ಪುಷ್ಯ ಮಳೆ ಹಂಚಿನ ಮೇಲೆ ಸುರಿಯುವಾಗಂತೂ ಈ ಕೆಲಸಕ್ಕೆ ಕೈಹಾಕಲೇಬೇಡಿ. ಜೀರುಂಡೆ ಕಾಟಕ್ಕಾದರೆ ಮದ್ದಿದೆ: ಸ್ವೀಪಿನ (ಕೆಳಗಿನಿಂದ ಮೇಲಕ್ಕೆ ಏರುವ ಪರೀಕ್ಷೆಯ ಸದ್ದಿನ) ಉದ್ದ ದುಪ್ಪಟ್ಟು ಮಾಡಿದ ಪ್ರತಿ ಸಲವೂ ಗದ್ದಲದ ಎದುರು ಸುಮಾರು 3 ಡೆಸಿಬೆಲ್ ಲಾಭ. ಬಳಸದಿರುವಾಗ ಸಿಲಿಕಾ ಜೆಲ್ ಹಾಕಿದ ಡಬ್ಬಿಯೇ ಮೈಕಿನ ಜಾಗ.

ನಾನು ಕೊಂಡಾಗ ನೂರು ಡಾಲರಿನೊಳಗಿತ್ತು, ಸುಂಕ ಬೇರೆ. ಆದರೆ ಒಮ್ಮೆ ಹಾಲು ಸರಿಹೋದರೆ ಮೈಕಿಗೆ ಕೆಲಸವಿಲ್ಲ, ಆದ್ದರಿಂದ ನಾಲ್ಕು ಜನ ಸೇರಿ ಕೊಳ್ಳುವುದೇ ಲೇಸು. ನನ್ನದು ಈಗ ಸಾಗರದ ಗೆಳೆಯರೊಬ್ಬರ ಮನೆಯಲ್ಲಿದೆ. ಎರವಲು ತರುವವರು ಆ ಮೈಕಿನ ಸೀರಿಯಲ್ ನಂಬರಿನ ಕ್ಯಾಲಿಬ್ರೇಷನ್ ಫೈಲನ್ನೂ (ಆ ಮೈಕಿನ ಅಳತೆಯ ಓರೆಕೋರೆ ತಿದ್ದುವ ಫೈಲು) ಕೇಳಿ ತನ್ನಿ. ಪ್ರತಿ ಮೈಕಿಗೂ ಅದು ಬೇರೆ ಬೇರೆ.